ಪಕ್ಕದ ಜಾಗ

ನಾಲ್ಕು ಡಿಗ್ರಿಯ ಪೆಟ್ಟಿಗೆಯಲ್ಲಿ ಮಲಗಿವೆ
ದೇವದುರ್ಗದ ಮಾಸ್ತರರ ಓ ಪಾಸಿಟಿವ್,
ಡಿಪೋದ ಕಂಡಕ್ಟರನ ಎ.
ಚೀಲಗಳ ಮೇಲೆ ಹೆಸರಿಲ್ಲ,
ಮೂವತ್ತೈದು ದಿನದ ಆಯುಷ್ಯ ಮಾತ್ರ.
ಹೊರಗೆ ಕಾರಿಡಾರಿನಲ್ಲಿ
ಹಗಲೆಲ್ಲ ನುಂಗಿದ ಬಿಸಿಲನ್ನು
ರಾಯಚೂರಿನ ಕಲ್ಲುಗೋಡೆ
ನಡುರಾತ್ರಿ ಚೂರುಚೂರೇ ಬಿಡುತ್ತಿದೆ.

ಅಲ್ಲೇ ಬೆಂಚಿನ ಮೇಲೆ ಅಯ್ಯಾಳಪ್ಪ,
ಶಕ್ತಿನಗರದ ಕಲ್ಲಿದ್ದಲು ಬೆಲ್ಟಿನ ಫಿಟ್ಟರ್.
ಈ ದವಾಖಾನೆಯಲ್ಲಿ ಅವನ ರೋಗಿ ಯಾರೂ ಇಲ್ಲ.

ಮೊದಲ ರಾತ್ರಿ ಕಿಟಕಿಗೆ ಬಂದಾಗ
ಯಾವ ಗುಂಪು ಬೇಕ್ರಿ ಅಂತ ಕೇಳಿದ್ದೆ.
ನಕ್ಕ. "ಚೀಲದ ರಕ್ತ ಬ್ಯಾಡ್ರಿ ಅಕ್ಕಾರೇ,
ಅದು ಸಿನಿಮಾದವರು ಕುಡಿಯೋದು.
ನಮ್ಮ ದಾರಿಯಾಗ ಕುಡಿಯೋದು
ಉಸಿರಿನೊಳಗಿನ ಉಸಿರು."

ಅವನ ದಾರಿ ಅಂದರೆ
ಪರದೇಶದ ಒಂದು ಮಂದಿರ,
ವಿಳಾಸಕ್ಕೆ ಬರೀ ಅಂಚೆಪೆಟ್ಟಿಗೆಯ ಸಂಖ್ಯೆ,
ತಾನೇ ರಟ್ಟು ಹಾಕಿಸಿದ ಕಪ್ಪು ಪುಸ್ತಕ,
ಐದು ಮೆಟ್ಟಿಲು, ಇವನಿನ್ನೂ ಎರಡನೆಯದರಲ್ಲಿ.
ಕನ್ನಡಿ ಮುಂದೆ ಕರಿ ಮೇಣಬತ್ತಿ ಹಚ್ಚಬೇಕಂತೆ.
ಊರಿಡೀ ಸಿಗದೆ
ಬಿಳಿಯದನ್ನೇ ಕರಗಿಸಿ ಕಾಡಿಗೆ ಕಲಸಿದನಂತೆ.

"ನಮ್ಮ ಶರಣರು ಬಯಲಾಗು ಅಂದ್ರು.
ಈ ಪುಸ್ತಕ ಅಂತದ, ಕರಗಬ್ಯಾಡ, ಗಟ್ಟಿಯಾಗು.
ಸತ್ತ ಮ್ಯಾಲೂ ನಾ ಅಯ್ಯಾಳಪ್ಪನೇ ಆಗಿರ್ತೀನ್ರಿ,
ಬ್ಯಾರೆ ಏನೂ ಅಲ್ಲ."
ಅಷ್ಟು ಇಷ್ಟವೇನಪ್ಪಾ ನಿನಗೆ ಅಯ್ಯಾಳಪ್ಪ ಅಂದರೆ?
ಕೇಳಬೇಕೆನಿಸಿತು.
ಕ್ರಾಸ್‌ಮ್ಯಾಚ್ ಇತ್ತು, ಎದ್ದುಹೋದೆ.

ಮಂದಿ ಇರುವಲ್ಲಿ ಕೂಡು, ಎಂದಿದೆ ಪುಸ್ತಕ.
ಪಕ್ಕದವರ ಉಸಿರಿಗೆ ನಿನ್ನದನ್ನು ಹೊಂದಿಸು,
ಅವರು ಬಿಟ್ಟಾಗ ಎಳೆದುಕೋ,
ಹೊಕ್ಕುಳ ಕೆಳಗೆ ಬಚ್ಚಿಟ್ಟುಕೋ.
ಕೇಳಬೇಡ. ಕೊಡಬೇಡ.

ಪಕ್ಕದಲ್ಲಿ ಮಾನ್ವಿಯ ಖಾಜಾಬಿ.
ಮಗನಿಗೆ ಥಲಸ್ಸೀಮಿಯಾ, ಹದಿನೈದು ದಿನಕ್ಕೊಂದು ಚೀಲ,
ನಾಲ್ಕು ರಾತ್ರಿಯಿಂದ ರೆಪ್ಪೆ ಕೂಡಿಸದವಳು.
ಹತ್ತು ನಿಮಿಷ ಆಗಿರಬೇಕು,
ಅವಳ ತಲೆ ವಾಲಿ ಅವನ ಹೆಗಲಿಗೆ ಬಿತ್ತು.
ಬಾಯಿ ತೆರೆದು, ಗೊರಕೆ ಹೊಡೆದು,
ಚಹಾದವನು ಬರುವತನಕ ಮಲಗಿದಳು.

ಅಯ್ಯಾಳಪ್ಪ ಅಲುಗಲಿಲ್ಲ.
ಬೆಳಗಿಗೆ ತೋಳು ಜೋಮು ಹಿಡಿದು ಕಣ್ಣು ಕೆಂಪಾಗಿ
"ಕುಡದೆ," ಅಂದ ನನಗೆ, ಮೆಲ್ಲಗೆ. "ಪೂರಾ ಕುಡದೆ."
ಖಾಜಾಬಿ ಮುಖ ತೊಳೆದು ಬಂದು
ಅಣ್ಣಾ, ನಾಳಿ ರಾತ್ರಿನೂ ಬರ್ತೀಯೇನು, ಅಂದಳು.

ಮಾತು ವಾರ್ಡಿನಿಂದ ವಾರ್ಡಿಗೆ ಹೋಯಿತು.
ಬಾಣಂತಿಯರ ಅತ್ತೆಯಂದಿರು,
ಕಾಲು ತೆಗೆದ ಲಾರಿ ಕ್ಲೀನರನ ಅಪ್ಪ,
ಸಿಂಧನೂರು ಬಸ್ಸಿನ ಸೀಟು ಹಿಡಿದ ಹಾಗೆ
ಟವೆಲ್ ಹಾಕಿ ಹಿಡಿಯತೊಡಗಿದರು ಅವನ ಪಕ್ಕದ ಜಾಗ.
ಯಾರೋ ತೊಡೆಯ ಮೇಲೆ
ಮಂಡಾಳ ಒಗ್ಗರಣಿಯ ಪೊಟ್ಟಣ ಇಟ್ಟರು.
"ಕೇಳದೇ ತಗೋ ಅಂತದ ಪುಸ್ತಕ," ಗೊಣಗಿದ,
"ತಾವೇ ಕೊಟ್ರ ಲೆಕ್ಕಕ್ಕ ಬರ್ತದೋ ಇಲ್ಲೋ."
ತಿಂದ. ಮೆಣಸಿನಕಾಯಿ ಸಮೇತ.

ಮೊನ್ನೆ ಬಂದು ಬೆರಳು ಚಾಚಿದ,
ಎಷ್ಟು ಗಟ್ಟಿಯಾಗೀನಿ ನೋಡ್ರಿ.
ಚುಚ್ಚಿದೆ.
ಮೈಲುತುತ್ತದ ನೀಲಿ ನೀರಿನಲ್ಲಿ
ಹನಿ ಮುಳುಗಬೇಕು.
ಅವನದು ತೇಲಿತು.
ಇಬ್ಬರೂ ನೋಡುತ್ತ ನಿಂತೆವು, ಕೆಂಪು ಸಾಸಿವೆಯಷ್ಟು ಅಯ್ಯಾಳಪ್ಪ
ಕೆಳಗಿಳಿಯಲಿ ಎಂದು.
ಕಬ್ಬಿಣದ ಮಾತ್ರೆ ಕೊಟ್ಟೆ, ನುಗ್ಗೆಸೊಪ್ಪು ತಿನ್ನು ಅಂದೆ.
ಎಷ್ಟು ದಿನದ ಕೋರ್ಸು ಅಂತ ಕೇಳಿದ,
ರಟ್ಟಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡ.

ಇವತ್ತು ಆರಕ್ಕೆ ನನ್ನ ಪಾಳಿ ಮುಗಿಯಿತು.
ಬೆಂಚಿನಲ್ಲಿ ಅವನೊಬ್ಬನೇ, ಟವೆಲ್ ಇರಲಿಲ್ಲ.
ಐದು ನಿಮಿಷ ಅಂತ ಕೂತೆ.
ಅವನೂ ಕೇಳಲಿಲ್ಲ, ನಾನೂ.

ಎಚ್ಚರವಾದಾಗ ಕಾಲ ಬಳಿ ಬಿಸಿಲು,
ಅವನ ಅಂಗಿಯ ಹೆಗಲಿಗೆ ನನ್ನ ಕೊಬ್ಬರಿ ಎಣ್ಣೆಯ ಕಲೆ,
ಬೆಂಚಿನ ಕೆಳಗೆ ಯಾರೋ ಜೋಡಿಸಿಟ್ಟ ಚಪ್ಪಲಿ.
ಶಕ್ತಿನಗರದ ಏಳರ ಬಸ್ಸು ಹೋಗಿಬಿಟ್ಟಿತ್ತು.