ಇಲಾವೆ ಹೊಳೆಯಲ್ಲಿ ಇಪ್ಪತ್ತೆಂಟು ರಾತ್ರಿ

ಆರು ಪಾಯಿಂಟ್ ನಾಲ್ಕು, ಅಂದರು ಪುನೋ ಆಸ್ಪತ್ರೆಯಲ್ಲಿ.
ಏನು ಆರು? ಮೂಟೆಯೇ, ಮೈಲಿಯೇ? ಅಂದೆ.
ರಕ್ತದಲ್ಲಿ ಪೊಟ್ಯಾಸಿಯಂ, ಅಮ್ಮ. ಐದರ ಆಸುಪಾಸು ನಿಲ್ಲಬೇಕಿತ್ತು.
ಇನ್ನು ಆಲೂಗಡ್ಡೆ ಬೇಡ.

ಇಲಾರಿಯೋ ನಕ್ಕ.
ಈ ಎತ್ತರದಲ್ಲಿ ಆಲೂಗಡ್ಡೆ ಬೇಡ ಅನ್ನುವುದು
ಊಟವೇ ಬೇಡ ಅಂದ ಹಾಗೆ.

ಅರವತ್ತೊಂದು ವರ್ಷ ತಿಂದ:
ಕಪ್ಪನೆಯದು, ನೇರಳೆಯದು, ಸಿಪ್ಪೆ ಸುಲಿಯುತ್ತ
ಹೊಸ ಸೊಸೆ ಅತ್ತುಬಿಡುವಷ್ಟು ಗಂಟುಗಂಟಾದದ್ದು.
ಒಂದು ದಿನವೂ ಒಳಗಿನವರು ಲೆಕ್ಕ ಕೇಳಿರಲಿಲ್ಲ.

ನರ್ಸ್ ಯೆನಿ ಬಿಲ್ಲಿನ ಬೆನ್ನಿಗೆ ಚಿತ್ರ ಬರೆದು ತೋರಿಸಿದಳು.
ತುತ್ತು ಇಳಿದ ಮೇಲೆ ಇನ್ಸುಲಿನ್ ಓಡಿಬಂದು
ಮಾಂಸಖಂಡದ ಮನೆಮನೆಯ ಕದ ತಟ್ಟುತ್ತದಂತೆ:
ಒಂದಿಷ್ಟು ಒಳಗಿಟ್ಟುಕೊಳ್ಳಿ, ಸ್ವಲ್ಪ ಹೊತ್ತು ಅಷ್ಟೆ,
ಬೀದಿಯಲ್ಲಿ ಬಿಟ್ಟರೆ ಗುಂಡಿಗೆ ಎಡವುತ್ತದೆ.
ಇಟ್ಟುಕೊಳ್ಳುತ್ತಾರಂತೆ.
ಆಮೇಲೆ ಒಬ್ಬೊಬ್ಬರೇ ನಿಧಾನಕ್ಕೆ ಮರಳಿಸುವಾಗ
ಮೂತ್ರಪಿಂಡದ ತಲೆಗೆ ಟೋಪಿಯ ಹಾಗೆ ಕೂತ ಗ್ರಂಥಿ
ಚೀಟಿ ಕಳಿಸುತ್ತದಂತೆ: ಇಷ್ಟು ಇರಲಿ, ಇಷ್ಟು ಹೋಗಲಿ.
ದಿನಕ್ಕೆ ಮೂರು ಊಟ, ಕೂಲಿ ಕೇಳದೆ.
ನಾವು ಅದನ್ನು ಬರೀ ಉಚ್ಚೆ ಅಂದುಕೊಂಡು
ಗೋಡೆಯ ಮರೆಗೆ ಹೋಗಿ ಬರುತ್ತಿದ್ದೆವು.

ಈಗಲೂ ಚೀಟಿ ಬರುತ್ತದೆ. ಓದುವವರಿಲ್ಲ.

ವಾರಕ್ಕೆ ಮೂರು ದಿನ ಯಂತ್ರ ಓದುತ್ತದೆ, ತಡವರಿಸಿಕೊಂಡು.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ;
ಇವನಿಗೆ ನೀರೂ ಲೋಟದ ಲೆಕ್ಕ.

ಜೂನಿನಲ್ಲಿ ಮಂಜು ಕೊರೆಯಿತು.
ಗಡ್ಡೆಗಳನ್ನು ಹುಲ್ಲಿನ ಮೇಲೆ ಹರಡಿ ಕಲ್ಲಾಗಿಸಿ
ಬಲೆಚೀಲದಲ್ಲಿ ಕಟ್ಟಿ ಹೊಳೆಯಲ್ಲಿ ಮುಳುಗಿಸಿದೆ,
ಅತ್ತೆ ಮಾಡಿದ ಹಾಗೆ, ಅವಳ ಅತ್ತೆ ಮಾಡಿದ ಹಾಗೆ.
ಕಹಿ ಹೋಗಲಿ ಅಂತ ಅವರು ಮಾಡುತ್ತಿದ್ದರು,
ಜೊತೆಗೆ ಇನ್ನೇನು ಹೋಗುತ್ತದೋ ಯಾರಿಗೆ ಗೊತ್ತಿತ್ತು.
ಇವನ ಪಾಲಿನ ನೀರನ್ನೂ ನೀವೇ ಕುಡಿಯಿರಿ, ಅಂದೆ ಗಡ್ಡೆಗಳಿಗೆ.
ಇಪ್ಪತ್ತೆಂಟು ರಾತ್ರಿ.
ಆಮೇಲೆ ತುಳಿದೆ, ಸಿಪ್ಪೆ ಬಿಡಿಸಿದೆ, ಒಣಗಿಸಿದೆ:
ಸುಣ್ಣದ ಉಂಡೆಗಳು, ಹಕ್ಕಿಯಷ್ಟು ಹಗುರ.

ಡಾಕ್ಟರ ಮೇಜಿನ ಮೇಲೆ ಸುರಿದೆ. ಅರೆಕಿಪಾದ ಹುಡುಗ.
ಒಂದನ್ನು ಮೂಸಿದ, ಅಂಗೈಯಲ್ಲಿ ತೂಗಿದ,
ಪುಸ್ತಕ ತೆಗೆದ, ಮುಚ್ಚಿದ, ಯಾರಿಗೋ ಫೋನ್ ಮಾಡಿದ.
ನೀರು ಕದ್ದಿದೆ, ಅಂದ ಕೊನೆಗೆ. ಎಷ್ಟು ಅಂತ ಹೇಳಲಾರೆ.
ಎರಡು ತಿನ್ನಲಿ. ಗುರುವಾರ ರಕ್ತ ನೋಡೋಣ.

ಎರಡು ಬೇಯಿಸಿದೆ.
ಇಲಾರಿಯೋ ಒಂದನ್ನು ತಿಂದು, ಇನ್ನೊಂದರಲ್ಲಿ ಅರ್ಧ ಮುರಿದು
ನನ್ನ ತಟ್ಟೆಗೆ ಹಾಕಿದ.
ರುಚಿಯೇ ಇಲ್ಲ ಕಣೆ, ಅಂದ,
ಎಲ್ಲ ಹೊಳೆಯೇ ತಿಂದುಬಿಟ್ಟಿದೆ.

ಇವತ್ತು ಮಂಗಳವಾರ.