ಕರಿಮಸಿಯ ಸಾಲು

ನೀಲಿ ಇನ್‌ಲ್ಯಾಂಡ್ ಬಂದಾಗಲೆಲ್ಲ ನನ್ನ ಕೈ ಒದ್ದೆ.
ಬಾಣಲೆಯಲ್ಲಿ ಗೂಡು ಕುದಿಯುತ್ತಿದ್ದವು. ಬೆರಳ ತುದಿ
ನೆಂದು, ಬಿಳಿಚಿ, ಸುಕ್ಕುಗಟ್ಟಿ,
ಯಾರೋ ಮುದುಕಿಯ ಕೈಯನ್ನು
ಹತ್ತೊಂಬತ್ತಕ್ಕೇ ಕಡ ತಂದಂತಿತ್ತು.
ಪೋಸ್ಟ್ ಅಶ್ವತ್ಥಯ್ಯ ಕಿಟಕಿಯ ಮೇಲಿಟ್ಟು ಹೋದದ್ದನ್ನು
ಹಲ್ಲಲ್ಲಿ ಕಚ್ಚಿ ತರುತ್ತಿದ್ದೆ,
ಬೆಕ್ಕು ಮರಿಯನ್ನು ತರುವಂತೆ.

ಶಿಡ್ಲಘಟ್ಟ, ಎಪ್ಪತ್ತೊಂದರ ಕಾರ್ತೀಕ.
ಖಲಂದರ್ ಸಾಬರ ಶೆಡ್ಡಿನಲ್ಲಿ ಹನ್ನೆರಡು ಚರಕ, ಒಂದು ರೇಡಿಯೋ.
ವಾರ್ತೆಯ ಹೊತ್ತಿಗೆ ಚರಕ ನಿಲ್ಲುತ್ತಿದ್ದವು.
ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡದೆ
ಮತ್ತೆ ತಿರುಗಿಸುತ್ತಿದ್ದೆವು.

ರವಣನಿಗೆ ಹದಿನೇಳು.
“ಈಜು ಬರುತ್ತದೆಯೇ?” ಎಂದ ನೌಕಾಪಡೆಯ ಸಾಹೇಬರಿಗೆ
“ಅಮ್ಮನ ಕೆರೆ ಸಾರ್, ಕೋಡಿ ಬಿದ್ದಾಗ,” ಅಂದನಂತೆ.
ಅವರು ಯಾವ ಅಮ್ಮ ಎಂದು ಕೇಳಲಿಲ್ಲ.

*ಅಕ್ಕಾ, ಇಲ್ಲಿ ನೆಲಕ್ಕೆ ಡೆಕ್ ಅನ್ನಬೇಕು.
ನೆಲ ಅಂದರೆ ಮೈದಾನಕ್ಕೆ ಹತ್ತು ಸುತ್ತು.
ನಾಲ್ಕೂವರೆಗೆ ಸೀಟಿ. ಗಂಟು ಕಲಿಸುತ್ತಾರೆ:
ಎಳೆದಷ್ಟೂ ಬಿಗಿಯುವುದು, ಎಷ್ಟೆಳೆದರೂ ಬಿಗಿಯದಿರುವುದು.
ಎಳೆ ಕಡಿದಾಗ ಅಮ್ಮ ಹಾಕುವ ಗಂಟು ಇವರಿಗೆ ಗೊತ್ತಿಲ್ಲ.
ನಮ್ಮ ಪೆಟ್ಟಿ ಆಫೀಸರ್ ನನ್ನನ್ನು ರಾವಣ ಅನ್ನುತ್ತಾನೆ.
ಎರಡು ಬಾವುಟ ಹಿಡಿದು ಗಾಳಿಯಲ್ಲಿ ಅಕ್ಷರ ಬರೆಯುತ್ತೇವೆ.
ಒತ್ತಕ್ಷರಕ್ಕೆ ಕೈ ಸಾಲುವುದಿಲ್ಲ.*

ಅದರ ಕೆಳಗೆ ಒಂದು ಸಾಲು
ತುದಿಯಿಂದ ತುದಿಗೆ ಕಪ್ಪು.

“ಏನೇ ಅದು, ಕರ್ರಗೆ?”
“ಮಸಿ ಚೆಲ್ಲವ್ನೆ ಕಣಮ್ಮ.”
“ಸ್ಲೇಟಿನ್ ಕಾಲ್ದಿಂದ್ಲೂ ಅಷ್ಟೇ ಅವ್ನು. ಓದು.”

ಓದಿದೆ. ಇದ್ದದ್ದನ್ನು ಬಿಟ್ಟು ಓದಿದೆ:
ಹಗ್ಗಕ್ಕೆ ಅಂಗೈ ಸುಲಿದದ್ದು,
ದೀಪವಿಲ್ಲದೆ, ಬೂಟು ಬಿಚ್ಚದೆ ಮಲಗುವುದು,
ಪಕ್ಕದ ಹಾಸಿಗೆಯ ಹುಡುಗ ನಿದ್ದೆಯಲ್ಲಿ ಮಲಯಾಳದಲ್ಲಿ ಅಳುವುದು.
ಇಲ್ಲದ್ದನ್ನೂ ಓದಿದೆ:
ದಿನಾ ಒಂದು ಹೊತ್ತು ಮುದ್ದೆ, ಬಸ್ಸಾರು.
ವೈಜಾಗಿನಲ್ಲಿ, ಹಡಗಿನವರ ತಟ್ಟೆಯಲ್ಲಿ, ರಾಗಿ ಮುದ್ದೆ!
ಅಮ್ಮನ ಚರಕ ಒಂದು ಗಳಿಗೆ ನಿಂತಿತು.
ಎಳೆ ಕಡಿಯಿತು ಅಂದುಕೊಂಡೆ.

ಉತ್ತರಕ್ಕೆ ಕೂತಾಗಲೂ ಹಾಗೇ.
“ನಿಮ್ಮಪ್ಪನ ಕಾಲ್ಮೇಲೆ ಕುದಿಯೋ ನೀರು ಬಿತ್ತು ಅಂತ ಬರಿ.”
ಅಪ್ಪ ಮನೆಯಲ್ಲೇ ಇದ್ದು ಸುಧಾರಿಸಿಕೊಳ್ಳುತ್ತಿದ್ದಾರೆ, ಬರೆದೆ.
“ಬಂದ್ಬಿಡು ಅಂತ ಬರಿ.”
ಗಾಳಿಗೆ ಮಫ್ಲರ್ ಸುತ್ತಿಕೋ, ಬರೆದೆ.
ಆ ಸೆನ್ಸಾರಿನವನಿಗೆ ಸಂಬಳವಾದರೂ ಇತ್ತು.

ಡಿಸೆಂಬರಿನ ಒಂದು ಸಂಜೆ ರೇಡಿಯೋ ವಿಶಾಖಪಟ್ಟಣ ಅಂದಿತು.
ಹನ್ನೊಂದು ಚರಕ ನನ್ನ ಕಡೆ ತಿರುಗಿದವು.
ಅಮ್ಮನಿಗೆ ಗೊತ್ತಿದ್ದದ್ದು ವೈಜಾಗ್.
“ಅದೆಲ್ಲೇ ಬರ್ತದೆ?”
“ಬೇರೆ ಊರಮ್ಮ. ದೂರ.”
ಸಾಬರು ಎದ್ದು ಹೋಗಿ ರೇಡಿಯೋದ ಕಿವಿ ಹಿಂಡಿದರು.
ಬಾಣಲೆಯಲ್ಲಿ ಹುಳು ತೇಲುತ್ತಿದ್ದವು, ಬೆತ್ತಲೆ,
ತಮ್ಮ ಮನೆ ಪೂರ್ತಿ ಬಿಚ್ಚಿಕೊಟ್ಟು.
ಇಪ್ಪತ್ತಮೂರು ದಿನ ಅಶ್ವತ್ಥಯ್ಯನ ಸೈಕಲ್ಲು
ನಮ್ಮ ಓಣಿಗೆ ತಿರುಗಲಿಲ್ಲ.

ರವಣ ಬಂದ. ಹೋದ. ಹದಿನೈದು ವರ್ಷ ಹಾಗೇ ಬಂದು ಹೋಗಿ,
ಈಗ ಗೂಡಿನ ಮಾರುಕಟ್ಟೆಯ ಎದುರು ಅಂಗಡಿ, ಹೊಟ್ಟೆ, ಸಕ್ಕರೆ ಕಾಯಿಲೆ.
ಮೊನ್ನೆ ಕೇಳಿದೆ: ಆ ಕರಿ ಸಾಲಿನ ಕೆಳಗೆ ಏನಿತ್ತೋ?
“ಯಾವ ಸಾಲು?” ಅಂದ. “ಹಡಗಿನ ಹೆಸರೇನೋ ಬರ್ದಿದ್ನೇನೋ.
ಇಲ್ಲಾ, ಮುದ್ದೆ ನೆನಪಾಗ್ತದೆ ಅಂತಲೋ.”

ಆಮೇಲೆ, ಮಾತ್ರೆ ನುಂಗುತ್ತ, ಅದೇ ಉಸಿರಲ್ಲಿ:
“ಆ ಡಿಸೆಂಬರಲ್ಲಿ ಅಮ್ಮ ಸಾಬರ ಮಗನ ಕೈಲಿ ಒಂದು ಕಾರ್ಡು ಬರೆಸಿದ್ಲು.
ನಿಂಗೆ ಹೇಳ್ಬೇಡ ಅಂದಿದ್ಲು, ಮರ್ತೇಬಿಟ್ಟಿದ್ದೆ.
ಎರಡೂ ಒಂದೇ ಊರು ಅಂತ ನಂಗೊತ್ತು.
ನೀನು ಬರೀತಾ ಇರು.
ಅವಳು ಓದೋದು ಚೆನ್ನಾಗದೆ.”