ಕೆಂಪಿನ ಕೆಳಗ

ಮೂವತ್ತೊಂದು ವರ್ಷ ಬೆಟಗೇರಿಯ ಪ್ರೆಸ್ಸಿನೊಳಗ
ನಾಕು ಬಣ್ಣ ಒಂದರ ಮ್ಯಾಲೊಂದು ಕುಂದರಿಸಿದ ಕಣ್ಣು ಇದು.
ಕಿಸೆಯೊಳಗ ಇನ್ನೂ ಐತಿ ಹಿತ್ತಾಳಿ ಚೌಕಟ್ಟಿನ ಭೂತಗನ್ನಡಿ,
ರಿಟೈರ್ ಆದ ದಿನ ವಾಪಸ್ ಕೊಡಾಕ ಮರತದ್ದು,
ಅಂದ್ರ, ಬೇಕಂತ ಮರತದ್ದು.

ಹುಬ್ಬಳ್ಳಿ, ಗೋಕುಲ ರಸ್ತೆ. ಗಾಜಿನ ಮನಿ,
ಒಳಗ ಹಾಡಹಗಲ ಹಚ್ಚಿದ ನೂರು ದೀಪ.
ಕೆಂಪು ಕಾರಿನ ಮಕಮಲ್ಲು ಮುಸುಕು ಜಗ್ಗಿದ್ರು,
ಹುಡುಗೀರು ಚಪ್ಪಾಳಿ ತಟ್ಟಿದ್ರು.
ನನ್ನ ಎದಿಯಷ್ಟು ದೊಡ್ಡ ಥರ್ಮಾಕೋಲ್ ಕೀಲಿ
ಕೈಯಾಗ ಹಿಡಿಸಿ ಫೋಟೋ ತಗದ್ರು.
ಗಾಲಿ ಕೆಳಗ ನಾಕು ನಿಂಬಿಹಣ್ಣು ಚಟ್ ಅಂದವು.
ನೀಲವ್ವ ಸೆರಗಿನಿಂದ ಬಾನೆಟ್ಟು ಒರಸಿದಳು,
ಕೂಸಿನ ಮಾರಿ ಒರಸಿದಂಗ.

ಅಣ್ಣಿಗೇರಿ ದಾಟಿ ಚಹಾಕ್ಕ ನಿಂತೆವು.
ಹನ್ನೆರಡರ ಬಿಸಲು. ಬಿಸಲಿಗೆ ಯಾರ ಮುಲಾಜೂ ಇಲ್ಲ.
ಬಾನೆಟ್ಟಿನ ತುಂಬ ಜೇಡರ ಬಲಿ:
ಒಂದ ಬಕೀಟು, ಒಂದ ಅರಿಬಿ,
ಹತ್ತು ಕಾರು ತಿಕ್ಕಿದ ಉಸುಕಿನ ಗೆರಿ.
ಎಡಕಿನ ಹಿಂದಿನ ಬಾಗಿಲಕ್ಕ ಬಂದ್ರ
ಕೆಂಪಿನೊಳಗ ಒಂದು ಉಗುರಿನಷ್ಟು ಹಳದಿ ಜಾಸ್ತಿ.
“ಎರಡೂ ಕೆಂಪ ಅಲ್ಲೇನು?” ಅಂದಳು ನೀಲವ್ವ.
ನಾ ಭೂತಗನ್ನಡಿ ತಗದೆ.
ಚಹಾದವ ಸಕ್ರಿ ಹಾಕೂದು ಬಿಟ್ಟು ನೋಡಿದ.

ಕನ್ನಡಿಯೊಳಗ ಕೆಂಪು ಒಂದು ಕೆರಿಯಾತು.
ತಳದಾಗ ಧೂಳಿನ ಕಾಳು, ಉಸುಕಗಾಗದದ ಹಸಿ ಗೀರು,
ಮತ್ತ ಮ್ಯಾಲಿನ ಹೊಳಪಿನ ಪದರದ ಕೆಳಗ
ಒಂದು ಕೂದಲು.
ಕರಿದು, ಗಿಡ್ಡದು, ತುದಿಗೆ ಬಾಗಿದ್ದು.
ಹುಬ್ಬಿನದಿರಬೇಕು.

ಮರುದಿನ ಕಬಾಡಿ ಅನ್ನೂ ಮ್ಯಾನೇಜರ
ನೀರು ಕೊಟ್ಟ, ಕಾಫಿ ಕೊಟ್ಟ, ಉತ್ತರ ಕೊಡಲಿಲ್ಲ.
“ಫ್ಯಾಕ್ಟರಿಯಿಂದ ಹಂಗ ಬಂದೈತ್ರಿ.”
“ಅಲ್ಲಿ ಯಂತ್ರ ಹಚ್ಚತಾವಲ್ಲ ತಮ್ಮಾ,
ಯಂತ್ರಕ್ಕ ಹುಬ್ಬು ಎಲ್ಲಿಂದ ಬಂತು?”
ಮೂರು ತಾಸು ಪಾಲಿಶ್ ಮಷೀನು ತಿರುವಿದ್ರು.
ಗೆರಿ ಹೋಗಿ ಸುಳಿ ಬಂದವು.
ಕೂದಲು ಇನ್ನಷ್ಟು ಚೊಕ್ಕ ಕಾಣಾಕಹತ್ತಿತು.
“ಮ್ಯಾಟು ಫ್ರೀ ಕೊಡತೀವಿ, ಸೆಂಟಿನ ಬಾಟ್ಲಿನೂ.
ಫೋನ್ ಬಂದ್ರ ಹತ್ತಕ್ಕ ಹತ್ತು ಅನ್ರಿ,
ಇಲ್ಲಾಂದ್ರ ನಮ್ಮ ಪಗಾರ ಕಟ್ಟು.”
ಆಮ್ಯಾಲೆ, ಸಣ್ಣ ದನಿಲೆ:
“ಅಷ್ಟು ಹತ್ರ ಹೋಗಿ ಯಾರ ನೋಡತಾರ ಬಿಡ್ರಿ ಕಾಕಾ.”

ಆ ಮಾತು ನಂದು.
ಹೊಳೆಆಲೂರಿನ ಬಾಳಪ್ಪ ಸೆಟ್ಟರ ಅಂಗಡಿ ಕ್ಯಾಲೆಂಡರು,
ಎರಡು ಸಾವಿರ ಪ್ರತಿ, ದೀಪಾವಳಿಯ ಹಿಂದಿನ ರಾತ್ರಿ.
ಕರೆಂಟು ಹೋಗಿ ಬಂದು, ಕೆಂಪಿನ ಪ್ಲೇಟು ಜರದು
ಲಕ್ಷ್ಮಿಯ ತುಟಿ ಗದ್ದಕ್ಕ ಇಳದಿತ್ತು.
ಸೆಟ್ಟರು ಒಂದ ಹಾಳಿ ಹಿಡದು ಕಿಡಕಿ ಕಡೆ ನಡದ್ರು.
“ಗ್ವಾಡಿಗೆ ತೂಗಿಬಿಟ್ಟ ಮ್ಯಾಲೆ
ಅಷ್ಟು ಹತ್ರ ಯಾರ ನೋಡತಾರ ಬಿಡ್ರಿ” ಅಂದಿದ್ದೆ.
ಅವರು ನೋಡಿದ್ರು.
ರೊಕ್ಕ ಎಣಿಸಿ ಇಟ್ಟರು. ಮತ್ತ ಬರಲಿಲ್ಲ.
ಆ ವರ್ಷ ಎಷ್ಟು ಅಡಗಿಮನಿಯೊಳಗ
ಹಾಲಿನ ಲೆಕ್ಕದ ಮ್ಯಾಲೆ ಆ ಸೊಟ್ಟ ತುಟಿ ನಿಂತಿತ್ತೋ.

ಹಂಗಂತ ಕಬಾಡಿನ್ನ ಬಿಡಲಿಲ್ಲ.
ಬಾಗಿಲ ಪೂರಾ ಕೆರಸಿ ಹೊಸದಾಗಿ ಹಚ್ಚಬೇಕು ಅಂತ
ಕಾಗದದ ಮ್ಯಾಲೆ ಬರಸಿ ಸಹಿ ತಗೊಂಡೆ, ಶಿಕ್ಕಾ ಹೊಡಸಿದೆ.

ಹಿತ್ತಲ ಶೆಡ್ಡಿನ್ಯಾಗ ಮೂಗಿಗೆ ಕರ್ಚೀಫು ಕಟ್ಟಿದ ಹುಡುಗ,
ಹುಬ್ಬಿನ ಮ್ಯಾಲೆ ಕೆಂಪು ಪುಡಿ. ಹೆಸರು ಮೌಲಾಲಿ.
“ಲಾರಿಯಿಂದ ಇಳಸೂ ಮುಂದ ತಾಗಿತ್ರಿ.
ರಾತ್ರಿ ಎರಡೂವರಿಗೆ ಹಚ್ಚಿದ್ನಿ.
ಪ್ರೈಮರ್ ಆರಿಲ್ಲ ಅಂದೆ. ಮುಂಜಾನೆ ಡೆಲಿವರಿ ಅಂದ್ರು.”
ಕನ್ನಡಿ ಅವನ ಕೈಯಾಗ ಇಟ್ಟೆ.
ಬಾಗಿ ನೋಡಿದ. ಭಾಳ ಹೊತ್ತು ನೋಡಿದ.
ಎಡಗೈಲೆ ತನ್ನ ಹುಬ್ಬು ಮುಟಗೊಂಡ.
ವಾಪಸ್ ಇಸಗೊಳ್ಳಾಕ ಮರತು ಬಂದೆ.

ಸಂಜಿಮುಂದ ಬಸ್ಸಿನ್ಯಾಗ ಇದ್ದಾಗ ಫೋನು,
ಜೇನಿನಂಥ ದನಿ: “ಹತ್ತಕ್ಕೆ ಎಷ್ಟು ಕೊಡ್ತೀರಿ ಸರ್?”
ಕಿಡಕಿಯಾಚೆ ಕರಿ ಹೊಲದ ಮ್ಯಾಲೆ
ಕೆಂಪು ಪದರಪದರಾಗಿ ಇಳೀತಿತ್ತು.
“ತಡಿಯವ್ವಾ,” ಅಂದೆ, “ಇನ್ನೂ ಆರಿಲ್ಲ.”